ಖೋ ಖೋ, ಥ್ರೋಬಾಲ್ ಹುಡುಗಿಯರನ್ನು ಹಾಕಿಕೊಂಡು ಫುಟ್‌ಬಾಲ್ ಟೀಮ್ ಕಟ್ಟಿದ್ದು: ನನ್ನ ಅನುಭವ

ಈಚೆಗೆ ಬೆಂಗಳೂರಿನ ಒಂದು ಸೆವೆನ್ಸ್ (ಟೀಮಿಗೆ ಏಳು ಜನರ ಫುಟ್‌ಬಾಲ್) ಟೂರ್ನಿಯಲ್ಲಿ ನಮ್ಮ ಮೈಸೂರಿನ ಹುಡುಗಿಯರು ಸೆಮಿಫೈನಲ್‌ವರೆಗೆ ಹೋದರು. ಟೀಮಿನಲ್ಲಿ ಚಿಕ್ಕಂದಿನಿಂದ ಫುಟ್‌ಬಾಲ್ ಆಡಿದವರು ಇಬ್ಬರೇ. ಉಳಿದವರೆಲ್ಲ ಖೋ ಖೋ, ಥ್ರೋಬಾಲ್, ಕಬಡ್ಡಿಯವರು. "ಕೈ ಆಟದವರಿಗೆ ಕಾಲಲ್ಲಿ ಬಾಲ್ ನಿಲ್ಲಲ್ಲ ಮೇಡಂ, ಸುಮ್ನೆ ದುಡ್ಡು ದಂಡ" ಎಂದಿದ್ದ ಕೋಚ್ ಒಬ್ಬರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ವಿಚಾರಿಸುತ್ತಿದ್ದಾರೆ. ಅವರಿಗೂ, ಕ್ಲಬ್ ನಡೆಸುವ ಬೇರೆಯವರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ, ಮುಂದಿನ ಟೂರ್ನಿಯಲ್ಲಿ ಅವರ ಟೀಮೂ ಇರುತ್ತದೆ!

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದೆವು. ಪೋಸ್ಟರ್, ಇನ್‌ಸ್ಟಾಗ್ರಾಂ, ಕಾಲೇಜು ನೋಟಿಸ್ ಬೋರ್ಡ್. ಮೊದಲ ವಾರ ಮೂವತ್ತರ ಹತ್ತಿರ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಆರೋ ಏಳೋ ಜನ. ಬೆಂಗಳೂರಿನಲ್ಲಿ ಆಸ್ಟಿನ್ ಟೌನ್ ಕಡೆ ಹೋದರೆ ಓಣಿಗೊಬ್ಬ ಫುಟ್‌ಬಾಲ್ ಆಟಗಾರ ಸಿಗುತ್ತಾನೆ, ಅವನ ತಂಗಿಯೂ ಒಂದೆರಡು ಕಿಕ್ ಕಲಿತಿರುತ್ತಾಳೆ. ನಮ್ಮ ಕಡೆ ಹಾಗಿಲ್ಲ. ಇಲ್ಲಿ ಹೆಣ್ಣುಮಕ್ಕಳ ಆಟ ಎಂದರೆ ಖೋ ಖೋ, ಥ್ರೋಬಾಲ್. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದ ಬಿ. ಚೈತ್ರಾ ನಮ್ಮ ತಿ. ನರಸೀಪುರ ತಾಲೂಕಿನ ಕುರುಬೂರಿನವರು. ಇಂಥ ಊರುಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ನಾವು ಪೋಸ್ಟರ್ ಅಂಟಿಸುತ್ತಾ ಕೂತಿದ್ದೆವು.

ಆಮೇಲೆ ದಸರಾ ಕ್ರೀಡಾಕೂಟದ ತಾಲೂಕು ಮಟ್ಟದ ಪಂದ್ಯಗಳಿಗೆ ಹೋಗಿ ಕೂತೆ. ಗೆದ್ದವರ ಹಿಂದೆ ಹೋಗಲಿಲ್ಲ, ಅವರಿಗೆ ಜಿಲ್ಲಾ ಮಟ್ಟದ ಆಸೆ ಇರುತ್ತದೆ. ಸೋತ ಟೀಮುಗಳಲ್ಲಿ ಚೆನ್ನಾಗಿ ಓಡುವವರ ಹೆಸರು ಬರೆದುಕೊಂಡೆ. ಡಿಗ್ರಿ ಮುಗಿದ ಮೇಲೆ ಆಡಲು ಟೀಮೇ ಇಲ್ಲದೆ ಬಟ್ಟೆ ಅಂಗಡಿಯಲ್ಲೋ ಫಾರ್ಮಸಿಯಲ್ಲೋ ಕೆಲಸಕ್ಕಿರುವ ಹುಡುಗಿಯರು ಎಷ್ಟು ಜನ ಗೊತ್ತಾ? ಹಾಸ್ಟೆಲ್ ಹುಡುಗಿಯರು ಬೆಳಗ್ಗೆ ಐದೂವರೆಗೆ ಹೊರಗೆ ಬರಲು ವಾರ್ಡನ್ ಒಪ್ಪಬೇಕು. ಒಪ್ಪಿಸಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಗೋಲ್‌ಕೀಪರ್ ಸಿಕ್ಕಿದ್ದು ಮಾತ್ರ ಬಹಳ ಸುಲಭ. ಥ್ರೋಬಾಲ್‌ನಲ್ಲಿ ಬಾಲ್ ಹಿಡಿದ ಮೂರು ಸೆಕೆಂಡಿನೊಳಗೆ ಎಸೆಯಬೇಕು, ಅದೂ ಒಂದೇ ಕೈಯಲ್ಲಿ, ಭುಜದ ಮೇಲಿಂದ. ವರ್ಷಗಟ್ಟಲೆ ಅದನ್ನೇ ಮಾಡಿದ ಹುಡುಗಿಗೆ ಗ್ಲೌಸ್ ಹಾಕಿ ನಿಲ್ಲಿಸಿದೆ. ಬೇರೆ ಕೀಪರ್‌ಗಳು ಬಾಲ್ ಹಿಡಿದು, ಅಪ್ಪಿಕೊಂಡು, ಯೋಚಿಸುತ್ತಾರೆ. ಇವಳು ಹಿಡಿದ ಕೂಡಲೇ ವಿಂಗ್‌ಗೆ, ಅಂದರೆ ಮೈದಾನದ ಅಂಚಿನಲ್ಲಿ ಓಡುವವರಿಗೆ, ಎಸೆದಾಗಿರುತ್ತದೆ. ನಮ್ಮ ಅರ್ಧದಷ್ಟು ಗೋಲುಗಳು ಅಲ್ಲಿಂದಲೇ ಶುರು. ನೆಲದಲ್ಲಿ ಉರುಳಿಕೊಂಡು ಬರುವ ಬಾಲ್‌ಗೆ ಬೀಳುವುದು ಕಲಿಯಲು ಮಾತ್ರ ನಾಲ್ಕೈದು ತಿಂಗಳು ಹಿಡಿಯಿತು. ಥ್ರೋಬಾಲ್‌ನಲ್ಲಿ ಬಾಲ್ ನೆಲಕ್ಕೆ ಬಿತ್ತು ಎಂದರೆ ಪಾಯಿಂಟ್ ಹೋಯಿತು, ಅಷ್ಟೇ. ಕಣ್ಣು ಯಾವಾಗಲೂ ಮೇಲೆ.

ಅದೇ ಒಂದು ಕೈ ಥ್ರೋ-ಇನ್‌ನಲ್ಲಿ, ಅಂದರೆ ಪಕ್ಕದ ಗೆರೆ ದಾಟಿದ ಬಾಲನ್ನು ಒಳಗೆ ಎಸೆಯುವಾಗ, ಕಾಟ ಕೊಟ್ಟಿತು. ಎರಡೂ ಕೈ ತಲೆಯ ಹಿಂದಿನಿಂದ ಬರಬೇಕು, ಎರಡೂ ಕಾಲು ನೆಲದಲ್ಲಿರಬೇಕು. ಹೇಳಿ ಹೇಳಿ ಬಾಯಿ ಒಣಗಿತು. ಮೊದಲ ಫ್ರೆಂಡ್ಲಿಯಲ್ಲಿ ಫೌಲ್ ಥ್ರೋ ಮೇಲೆ ಫೌಲ್ ಥ್ರೋ, ಎದುರು ಟೀಮಿನವರಿಗೆ ನಗು ತಡೆಯಲಾಗಲಿಲ್ಲ. ಈಗ ಅದೇ ಹುಡುಗಿಯರ ಥ್ರೋ ನೇರ ಗೋಲ್ ಮುಂದೆ ಬೀಳುತ್ತದೆ. ಥ್ರೋ-ಇನ್‌ನಿಂದ ನೇರ ಸಿಕ್ಕ ಬಾಲ್‌ಗೆ ಆಫ್‌ಸೈಡ್ (ಎದುರು ಟೀಮಿನ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು) ಇಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಯಾರನ್ನು ಎಲ್ಲಿ ನಿಲ್ಲಿಸುತ್ತೇನೆ ಅನ್ನುವುದನ್ನು ಬರೆಯಲ್ಲ.

ಖೋ ಖೋದವರ ಕಥೆ ಬೇರೆ. ತಪ್ಪಿಸಿಕೊಂಡು ಓಡುವುದರಲ್ಲಿ ನಿಪುಣರಾದವರನ್ನು ವಿಂಗ್‌ಗೆ ಹಾಕಿದೆ, ಎರಡನೇ ತಿಂಗಳಿಗೇ ಡಿಫೆಂಡರ್‌ಗಳನ್ನು ಅತ್ತಿತ್ತ ಕುಣಿಸಿದರು. ಆದರೆ ಅಟ್ಟಿಸಿಕೊಂಡು ಹೋಗಿ ಔಟ್ ಮಾಡುವುದರಲ್ಲಿ ಹೆಸರು ಮಾಡಿದವರು ಬಾಲ್ ಕಳೆದುಕೊಂಡ ಮೇಲೂ ಮುಂದಕ್ಕೇ ಓಡುತ್ತಿದ್ದರು! ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಒಬ್ಬಳೇ ಹೇಳಿದಳು, "ಅಕ್ಕಾ, ಅಲ್ಲಿ ಒಂದ್ಸಲ ದಿಕ್ಕು ಹಿಡಿದ್ರೆ ವಾಪಸ್ ತಿರುಗಂಗಿಲ್ಲ, ಫೌಲ್." ಹೌದಲ್ವಾ! ಆಮೇಲೆ ಎರಡು ಕೋನ್ ಇಟ್ಟು, ಸೀಟಿ ಊದಿದ ಕೂಡಲೇ ಹಿಂದಕ್ಕೆ ತಿರುಗುವ ಒಂದೇ ಡ್ರಿಲ್ಲನ್ನು ದಿನಾ ಮಾಡಿಸಿದೆ. ನೋಡಲು ಬೋರು. ನಮ್ಮನ್ನು ಉಳಿಸಿದ್ದು ಅದೇ.

ಬಾಲ್ ಕಂಟ್ರೋಲ್‌ಗೆ ಒಂದು ಪ್ರಯೋಗ ಮಾಡಿದೆ. ಮಾಮೂಲಿ ಐದನೇ ಸೈಜ್ ಬಾಲ್ ಬದಿಗಿಟ್ಟು ಮೊದಲ ಎರಡು ತಿಂಗಳು ಫುಟ್ಸಾಲ್ (ಚಿಕ್ಕ ಕೋರ್ಟ್‌ನಲ್ಲಿ ಆಡುವ ಫುಟ್‌ಬಾಲ್) ಬಾಲ್ ಕೊಟ್ಟೆ. ಅದು ನಾಲ್ಕನೇ ಸೈಜ್, ಪುಟಿಯುವುದು ಕಡಿಮೆ. ಒಂದು ಸ್ಕೂಲಿನ ಥ್ರೋಬಾಲ್ ಕೋರ್ಟ್‌ನಲ್ಲೇ, ನೆಟ್ ಬಿಚ್ಚಿ, ಮೂರು ಮೂರು ಜನರ ಆಟ. ಜಾಗ ಚಿಕ್ಕದು, ಬಾಲ್ ಕಾಲಿಗೆ ಅಂಟಿಕೊಂಡೇ ಇರಬೇಕು. ಟರ್ಫ್‌ಗೆ ಗಂಟೆಗೆ ಸಾವಿರದ ಮೇಲೆ ಕೊಡುವುದೂ ತಪ್ಪಿತು. ಬರಿಗಾಲಲ್ಲಿ ಆಡಿಸಿಯೂ ನೋಡಿದೆ, ಸಿಮೆಂಟ್ ನೆಲಕ್ಕೆ ಹೆಬ್ಬೆರಳಿನ ಚರ್ಮ ಕಿತ್ತುಬಂದು ಅದನ್ನು ಅಲ್ಲಿಗೇ ಬಿಟ್ಟೆವು.

ದುಡ್ಡಿನ ವಿಷಯಕ್ಕೆ ಬರೋಣ. ಕೆಲಸಕ್ಕೆ ಹೋಗುವವರಿಂದ ತಿಂಗಳಿಗೆ ಮುನ್ನೂರು, ಓದುವವರಿಂದ ಏನೂ ಇಲ್ಲ. ಮೊದಲ ವರ್ಷ ನನ್ನ ಕೈಯಿಂದಲೇ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಜಾಸ್ತಿ ತಿಂದಿದ್ದು ಶೂ. ಹೆಂಗಸರ ಸ್ಟಡ್ ಶೂ ಇಲ್ಲಿ ಸಿಗುವುದೇ ಅಪರೂಪ. ಹುಡುಗರ ನಾಲ್ಕು, ಐದು ನಂಬರ್ ತಂದು, ಅಗಲ ಜಾಸ್ತಿಯಾಗಿ, ಎರಡೆರಡು ಸಾಕ್ಸ್ ಹಾಕಿಸಿದೆವು. ಒಬ್ಬ ಸ್ಪಾನ್ಸರ್ ಜೆರ್ಸಿ ಕೊಡುತ್ತೇನೆಂದು ಅಳತೆ ಎಲ್ಲ ತೆಗೆದುಕೊಂಡು ಹೋದವರು ಫೋಟೋ ತೆಗೆಸಿಕೊಂಡ ಮೇಲೆ ಫೋನ್ ಎತ್ತಲಿಲ್ಲ. ಒಂದು ಟೂರ್ನಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಎಂಟ್ರಿ ಫೀ ಒಂದೇ, ಬಹುಮಾನ ಮಾತ್ರ ನಮಗೆ ಗಂಡಸರದರ ಕಾಲುಭಾಗ. ಕೇಳಿದರೆ "ಟೀಮ್ ಕಡಿಮೆ ಮೇಡಂ" ಎಂದರು. ಬೆಂಗಳೂರಿಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲೇ ಹೋಗುತ್ತೇವೆ. ವ್ಯಾನ್ ಮಾಡಿದರೆ ಒಂದು ತಿಂಗಳ ಫೀಸ್ ಪೂರಾ ಮುಗಿಯುತ್ತದೆ.

ಮನೆಯವರ ಹೆದರಿಕೆ ಮೊಣಕಾಲಿನದು. "ಮದ್ವೆ ಆಗೋ ಹುಡ್ಗಿ, ಕಾಲು ಹೋದ್ರೆ ಯಾರು ನೋಡ್ಕೋತಾರೆ?" ತಪ್ಪೇನಿಲ್ಲ, ಎಸಿಎಲ್ (ಮೊಣಕಾಲಿನ ಒಳಗಿನ ಒಂದು ಕಟ್ಟು) ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಅದಕ್ಕೇ ಗಾಯ ತಡೆಯಲೆಂದೇ ಮಾಡಿದ ಫಿಫಾ 11+ ವಾರ್ಮಪ್ ಬಿಡುವುದೇ ಇಲ್ಲ. ಇಪ್ಪತ್ತು ನಿಮಿಷ, ಬಾಲ್, ಕೋನ್ ಬಿಟ್ಟರೆ ಬೇರೆ ಸಾಮಾನು ಬೇಡ. ಅದರಲ್ಲಿ ತೊಡೆಯ ಹಿಂಭಾಗಕ್ಕೆ ಮಾಡುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಎಂದರೆ ಎಲ್ಲರೂ ಬೈಯುತ್ತಾರೆ. ಬೈಯಲಿ. ಇದುವರೆಗೆ ಒಂದೂ ಮೊಣಕಾಲು ಆಪರೇಷನ್‌ಗೆ ಹೋಗಿಲ್ಲ. ಅನುಮಾನ ಇದ್ದ ತಾಯಂದಿರನ್ನು ಗ್ರೌಂಡಿಗೇ ಕರೆಸಿ ವಾರ್ಮಪ್ ತೋರಿಸಿದೆ. ಅವರಲ್ಲೊಬ್ಬರು ಈಗ ನಮ್ಮ ಲೆಕ್ಕ ಬರೆಯುತ್ತಾರೆ, ನನಗಿಂತ ಬಿಗಿ.

ಚಡ್ಡಿ ಮೊದಲ ದಿನದಿಂದ ಕಪ್ಪು. ಮುಟ್ಟಿನ ದಿನಗಳ ಚಿಂತೆಯಿಂದ ಇಂಗ್ಲೆಂಡ್ ಮಹಿಳಾ ತಂಡ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂದಿದ್ದು 2023ರಲ್ಲಿ, ನಮ್ಮ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಳಗೆ ಲೆಗ್ಗಿಂಗ್ಸ್ ಬೇಕೆನ್ನುವವರು ಹಾಕುತ್ತಾರೆ. ಸ್ಕಾರ್ಫ್ ಕಟ್ಟುವ ಆಟಗಾರ್ತಿಯನ್ನು ಒಬ್ಬ ರೆಫರಿ ತಡೆದಾಗ ಫುಟ್‌ಬಾಲ್ ಆಟದ ನಾಲ್ಕನೇ ನಿಯಮ (ಆಟಗಾರರ ಉಡುಪಿನದು) ಮೊಬೈಲ್‌ನಲ್ಲಿ ತೋರಿಸಿದೆ. ಕಪ್ಪು ಅಥವಾ ಜೆರ್ಸಿಯ ಬಣ್ಣದ ಸ್ಕಾರ್ಫ್‌ಗೆ 2014ರಲ್ಲೇ ಒಪ್ಪಿಗೆ ಸಿಕ್ಕಿದೆ. ಜೆರ್ಸಿಗೆ ಪಿನ್ ಮಾಡಿ ಅಂಟಿಸಬಾರದು. ಪ್ರಿಂಟ್ ತೆಗೆದು ಕಿಟ್ ಬ್ಯಾಗಲ್ಲಿ ಇಟ್ಟುಕೊಳ್ಳಿ.

ಸೆಮಿಫೈನಲ್ ಸೋತಿದ್ದು ಪೆನಾಲ್ಟಿಯಲ್ಲಿ. ಒಬ್ಬರಿಗೂ ಎಡಗಾಲಲ್ಲಿ ಹೊಡೆಯಲು ಬರಲ್ಲ, ಎದುರಿನ ಕೀಪರ್ ಅದನ್ನು ಬೇಗ ಕಂಡುಹಿಡಿದಳು. ಈಗ ವಾರಕ್ಕೊಂದು ದಿನ ಪೂರ್ತಿ ಎಡಗಾಲಿನ ಆಟ, ಬಲಗಾಲು ತಾಗಿಸಿದವರಿಗೆ ಹತ್ತು ರೂಪಾಯಿ ದಂಡ. ಡಬ್ಬಿಯಲ್ಲಿ ಆಗಲೇ ಒಂದು ಜೊತೆ ಗ್ಲೌಸಿನ ದುಡ್ಡು ಸೇರಿದೆ. ಫ್ರೆಂಡ್ಲಿ ಬೇಕಾದವರು ಭಾನುವಾರ ಬೆಳಗ್ಗೆ ಬನ್ನಿ. ರೆಫರಿ ಖರ್ಚು ಅರ್ಧ ಅರ್ಧ, ಬಾಲ್ ನಮ್ಮದು.