ಕಾರ್ಗ್ ಪಾಲಿಸಿಕ್ಸ್: ಮೊದಲು ಆ ಬ್ಯಾಟರಿ ಕಿತ್ತುಹಾಕಿ

1981ರ ಕಾರ್ಗ್ ಪಾಲಿಸಿಕ್ಸ್ ಸಿಂಥಸೈಜರ್ ಕೊಂಡವರು ನುಡಿಸುವ ಮೊದಲೇ ಒಳಗಿನ ಕೆಎಲ್‌ಎಂ-367 ಬೋರ್ಡ್ ನೋಡಿ. ಪ್ಯಾಚ್ (ಉಳಿಸಿಟ್ಟ ದನಿಯ ಸೆಟ್ಟಿಂಗ್) ನೆನಪಿಗೆಂದು ಅಲ್ಲಿರುವ 3.6 ವೋಲ್ಟ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದರೆ ಅದರ ಕ್ಷಾರ ತಾಮ್ರದ ಟ್ರ್ಯಾಕ್‌ಗಳನ್ನು ತಿನ್ನುತ್ತದೆ. ಕೆಲವು ಕೀಗಳು ಸತ್ತಿದ್ದರೆ, ಪ್ಯಾಚ್ ತಾನಾಗೇ ಬದಲಾಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಪ್ಯಾಚ್‌ಗಳು ಉಳಿದಿದ್ದರೆ ಟೇಪ್ ಔಟ್ ಜ್ಯಾಕ್‌ನಿಂದ ರೆಕಾರ್ಡ್ ಮಾಡಿಕೊಳ್ಳಿ. ಬ್ಯಾಟರಿ ತೆಗೆದರೆ ಅವು ಹೋಗುತ್ತವೆ. ಪ್ಲಗ್ ಕಿತ್ತು, ಬ್ಯಾಟರಿ ಬಿಚ್ಚಿ, ಬಿಳಿ ವಿನೆಗರ್ ಅದ್ದಿದ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಕ್ಷಾರವನ್ನು ಆಮ್ಲವೇ ಕೊಲ್ಲಬೇಕು, ಬರೀ ಆಲ್ಕೋಹಾಲ್ ಸಾಲದು. ನಂತರ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಒಂದು ದಿನ ಒಣಗಲಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕ್ಷಾರ ಹಸಿರು ಲೇಪನದ ಅಡಿಯಲ್ಲೇ ಹರಿದಿರುತ್ತದೆ, ಮೇಲೆ ನೋಡಿದರೆ ಟ್ರ್ಯಾಕ್ ಸರಿಯಾಗೇ ಕಾಣುತ್ತದೆ. ಕಪ್ಪಾಗಿದ್ದ ಕಡೆ ಲೇಪನ ಕೆರೆದು, ಮಲ್ಟಿಮೀಟರ್‌ನ ಬೀಪ್ ಇಟ್ಟು ಒಂದೊಂದೇ ಟ್ರ್ಯಾಕನ್ನು ತುದಿಯಿಂದ ತುದಿಗೆ ಪರೀಕ್ಷಿಸಿ. ಐಸಿಯ (ಚಿಪ್‌ನ) ಕಾಲಿನ ಮೇಲೇ ಪ್ರೋಬ್ ಇಡಿ, ಬೆಸುಗೆಯ ಮೇಲಲ್ಲ. ತುಂಡಾದ ಕಡೆ ತೆಳು ವೈರ್ ಬೆಸೆಯಿರಿ. ತಾಳ್ಮೆ ಬೇಡುವ ಕೆಲಸ, ಆದರೆ ಇಷ್ಟು ಒಳ್ಳೆಯ ದನಿಗೆ ಖಂಡಿತ ಯೋಗ್ಯ.

ಹಳೇ ಬ್ಯಾಟರಿಯ ಬದಲಿಗೆ ಸಿಆರ್2032 ಲಿಥಿಯಂ ಸೆಲ್‌ನ ಹೋಲ್ಡರನ್ನು ಬೋರ್ಡಿನಿಂದ ದೂರಕ್ಕೆ, ವೈರ್ ಎಳೆದು ಕೂರಿಸಿ. ಪ್ಲಸ್ ತಂತಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಎಟಿ85 ಡಯೋಡ್ ಕಡ್ಡಾಯ, ಪಟ್ಟೆ ಬೋರ್ಡ್ ಕಡೆಗಿರಲಿ. ಮೂಲ ಸರ್ಕ್ಯೂಟ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಲಿಥಿಯಂ ಸೆಲ್‌ಗೆ ಚಾರ್ಜ್ ಕೊಟ್ಟರೆ ಸಿಡಿಯಬಹುದು.