ಓಣಿಯಲ್ಲಿ ಚಿತ್ರಸಂಜೆ: ಕಲಾವಿದರನ್ನು ವೇದಿಕೆಯಿಂದ ಮೇಜಿಗೆ ತರುವ ಬಗೆ

ಕಲಾವಿದರೊಬ್ಬರನ್ನು ಓಣಿಯ ಜನರ ನಡುವೆ ಮಾತಿಗೆ ಕೂರಿಸುವ ಕಾರ್ಯಕ್ರಮ ಒಂದೇ ವಿಷಯದ ಮೇಲೆ ನಿಂತಿದೆ: ಅವರ ಕೈ ಎಲ್ಲರಿಗೂ ಕಾಣಬೇಕು. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಈ ಸಂಜೆಗಳನ್ನು ನಡೆಸುವಾಗ ನಾವು ಬ್ಯಾನರಿಗಿಂತ ಮೊದಲು ಮೇಜಿನ ಜಾಗ ಗೊತ್ತು ಮಾಡುತ್ತೇವೆ. ವಾಡಿಕೆಯ ಸಭೆಗಳಲ್ಲಿ ಪ್ರಾರ್ಥನೆ, ಸ್ವಾಗತ, ದೀಪ, ಸತ್ಕಾರ, ಅಧ್ಯಕ್ಷರ ನುಡಿ ಎಲ್ಲ ಮುಗಿದು ಕಲಾವಿದರ ಕೈಗೆ ಮೈಕು ಬರುವ ಹೊತ್ತಿಗೆ ಒಂದು ತಾಸು ಹೋಗಿರುತ್ತದೆ. ಜನ ಬಸ್ಸಿನ ಹೊತ್ತು ನೋಡತೊಡಗಿರುತ್ತಾರೆ. ಅದಕ್ಕೆ ನಮ್ಮ ಲೆಕ್ಕ ಒಟ್ಟು 90 ನಿಮಿಷದ್ದು. ಮೊದಲ 10 ನಿಮಿಷ ಜನ ಚಿತ್ರಗಳ ಮುಂದೆ ಸುಮ್ಮನೆ ಅಡ್ಡಾಡುತ್ತಾರೆ. ಆಮೇಲೆ 20 ನಿಮಿಷ ಮಾತು, 30 ನಿಮಿಷ ಪ್ರಾತ್ಯಕ್ಷಿಕೆ, ಉಳಿದ 30 ನಿಮಿಷ ಪ್ರಶ್ನೆ. ಸ್ವಾಗತ ಎರಡು ಮಾತಿನಲ್ಲಿ ಮುಗಿಯುತ್ತದೆ. ಶಾಲಿನ ಬದಲು ಲಕೋಟೆಯಲ್ಲಿ ಗೌರವಧನ.

ಜಾಗಕ್ಕೆ ಗುಡಿಯ ಪೌಳಿ, ಶಾಲೆಯ ವರಾಂಡ, ಸಮುದಾಯ ಭವನ ಯಾವುದಾದರೂ ನಡೆಯುತ್ತದೆ. ಜನ ಮಾತ್ರ 40 ದಾಟಬಾರದು. ದಾಟಿದರೆ ಹಿಂದಿನವರಿಗೆ ಮುಂದಿನವರ ತಲೆಯಷ್ಟೇ ಕಾಣುತ್ತದೆ. ಮೇಜಿನ ಸುತ್ತ ಅರ್ಧವೃತ್ತದಲ್ಲಿ ಮೂರು ಸಾಲು: ಮೊದಲನೆಯದು ಜಮಖಾನದ ಮೇಲೆ, ಎರಡನೆಯದು ಬೆಂಚಿನ ಮೇಲೆ, ಮೂರನೆಯದು ಕುರ್ಚಿಯ ಮೇಲೆ. ಮೇಜಿಗೂ ಮೊದಲ ಸಾಲಿಗೂ ನಾಲ್ಕು ಅಡಿ ಬಿಡಬೇಕು. ಅದಕ್ಕಿಂತ ಹತ್ತಿರವಾದರೆ ಮಕ್ಕಳು ನೀರಿನ ಡಬ್ಬಿ ಉರುಳಿಸುತ್ತಾರೆ, ದೂರವಾದರೆ ಕುಂಚದ ತುದಿ ಕಾಣದು.

ಮೇಜಿನ ಮೇಲೆ ನಡೆಯುವುದನ್ನು ಹಿಂದಿನ ಸಾಲಿಗೆ ಮುಟ್ಟಿಸಲು ಮೊಬೈಲನ್ನು ಸ್ಟ್ಯಾಂಡಿಗೆ ಅಡ್ಡ ಕಟ್ಟಿ ಕಾಗದದ ನೇರ ಮೇಲೆ, ಎರಡೂವರೆ ಅಡಿ ಎತ್ತರದಲ್ಲಿ ನಿಲ್ಲಿಸುತ್ತೇವೆ. ಅಲ್ಲಿಂದ ಎಚ್‌ಡಿಎಂಐ ವೈರು 43 ಇಂಚಿನ ಟಿವಿಗೆ. ಎಲ್ಲ ಮೊಬೈಲುಗಳೂ ವೈರಿನ ಮೂಲಕ ಚಿತ್ರ ಹೊರಗೆ ಕೊಡುವುದಿಲ್ಲ. ಹಿಂದಿನ ದಿನವೇ ಅದೇ ಮೊಬೈಲು, ಅದೇ ವೈರು, ಅದೇ ಟಿವಿ ಕೂಡಿಸಿ ನೋಡಬೇಕು. ವೈಫೈ ಮೇಲೆ ಕಳಿಸಿದರೆ ಚಿತ್ರ ತಡವಾಗಿ ಬಂದು, ಕಲಾವಿದರು "ಈಗ ನೋಡ್ರಿ" ಅಂದಾಗ ಪರದೆಯ ಮೇಲೆ ಹಿಂದಿನ ಗೆರೆಯೇ ಇರುತ್ತದೆ. ಪ್ರೊಜೆಕ್ಟರಿಗಿಂತ ಟಿವಿ ಒಳ್ಳೆಯದು ಎನ್ನಲು ಎರಡು ಕಾರಣ. ಪ್ರೊಜೆಕ್ಟರಿಗೆ ಕತ್ತಲೆ ಬೇಕು: ನಮ್ಮ ಕಡೆ ಡಿಸೆಂಬರಿನಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗಿದರೆ ಮೇ ಕೊನೆಗೆ ಏಳಾಗುತ್ತದೆ, ಅಲ್ಲಿಯವರೆಗೆ ಪರದೆ ಮಂಕು. ಮೇಲಾಗಿ ಕರೆಂಟು ಹೋದರೆ ಮನೆಯ ಇನ್ವರ್ಟರ್ ಟಿವಿಯ ನೂರು ವ್ಯಾಟನ್ನು ಸಲೀಸಾಗಿ ಎಳೆಯುತ್ತದೆ, ಪ್ರೊಜೆಕ್ಟರಿನ ಮುನ್ನೂರಕ್ಕೆ ಬೇಗ ದಣಿಯುತ್ತದೆ.

ಚಿತ್ರ ತೂಗುಹಾಕುವಲ್ಲಿ ಬಹಳ ಜನ ಎಡವುವುದು ಎತ್ತರದಲ್ಲಿ. ಗ್ಯಾಲರಿಯಲ್ಲಿ ನಿಂತು ನೋಡುವವರಿಗೆ ಚಿತ್ರದ ನಡುಭಾಗ ನೆಲದಿಂದ 145-150 ಸೆಂ.ಮೀ. ಇದ್ದರೆ ಸರಿ. ಜಮಖಾನದ ಮೇಲೆ ಕೂತವರಿಗೆ ಅದು ಕುತ್ತಿಗೆ ನೋವು. ಅಂಥಲ್ಲಿ 110ಕ್ಕೆ ಇಳಿಸುತ್ತೇವೆ. ಹಳೆಯ ಮನೆಗಳ ಮಣ್ಣಿನ ಗೋಡೆ ಮೊಳೆ ಹಿಡಿಯುವುದಿಲ್ಲ, ಕಲ್ಲಿನ ಗೋಡೆ ಮೊಳೆಯನ್ನೇ ಬಗ್ಗಿಸುತ್ತದೆ. ಎರಡು ಬಿದಿರಿನ ಗಳ ನಿಲ್ಲಿಸಿ, ಮೇಲೆ ಒಂದು ಅಡ್ಡಗಳ ಕಟ್ಟಿ, ಜಿಐ ತಂತಿಯಿಂದ ಚಿತ್ರ ಇಳಿಬಿಟ್ಟರೆ ಗೋಡೆಯ ಗೊಡವೆಯೇ ಇಲ್ಲ. ಗದಗದ ಕಡೆ ಗಾಳಿ ಜೋರು: ಗಳದ ಬುಡಕ್ಕೆ ಉಸುಕಿನ ಚೀಲ ಇಡಬೇಕು, ಚಿತ್ರದ ಕೆಳಗಿನ ಎರಡು ಮೂಲೆಗಳನ್ನೂ ಕಟ್ಟಬೇಕು.

ಬೆಳಕಿಗೆ 20 ವ್ಯಾಟಿನ ಎರಡು ಎಲ್‌ಇಡಿ ದೀಪ, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಓರೆಯಾಗಿ. ನೇರ ಎದುರಿಗೆ ಇಟ್ಟರೆ ಚೌಕಟ್ಟಿನ ಗಾಜಿನಲ್ಲಿ ನೋಡುವವರ ಮುಖವೇ ಕಾಣುತ್ತದೆ. ಡಬ್ಬಿಯ ಮೇಲೆ 4000 ಕೆಲ್ವಿನ್ (ಬೆಳಕಿನ ಛಾಯೆ), ಸಿಆರ್‌ಐ 90 (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎನ್ನುವ ಅಳತೆ) ಎಂದಿರುವ ದೀಪ ಕೇಳಿ ತರಬೇಕು. ಅಗ್ಗದ ಬಿಳಿ ಟ್ಯೂಬಿನ ಬೆಳಕಿನಲ್ಲಿ ಕೆಂಪು ಸಪ್ಪೆಯಾಗುತ್ತದೆ, ಕಾವಿ ಬಣ್ಣ ಬೂದಿಯಂತಾಗುತ್ತದೆ. ಜಲವರ್ಣದ ಚಿತ್ರಗಳನ್ನು ಕಿಟಕಿಯ ಬಿಸಿಲು ಬೀಳುವಲ್ಲಿ ಒಂದು ಮಧ್ಯಾಹ್ನವೂ ಇಡಬಾರದು.

ಸಮುದಾಯ ಭವನಗಳಲ್ಲಿ ದನಿ ಗುಂಯ್‌ಗುಡುತ್ತದೆ, ಬರಿ ಗೋಡೆ, ಬರಿ ಫರಸಿ. ಇದಕ್ಕೆ ನಮ್ಮ ಕಡೆಯ ಮದ್ದು ಕೌದಿ, ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಹಿಂದಿನ ಗೋಡೆಗೆ ಐದಾರು ಕೌದಿ ತೂಗುಹಾಕಿದರೆ ಮಾರ್ದನಿ ಕಡಿಮೆಯಾಗುತ್ತದೆ, ಓಣಿಯ ಹೆಣ್ಣುಮಕ್ಕಳು ಹೊಲಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ನವಲಗುಂದದ ಜಮಖಾನ ಸಿಕ್ಕರೆ ಅದನ್ನೂ ಗೋಡೆಗೇ ಹಾಕುತ್ತೇವೆ. ಹೆಣ್ಣುಮಕ್ಕಳು ಮನೆಯಲ್ಲಿ ಮಗ್ಗ ಹೂಡಿ ನೇಯ್ದದ್ದನ್ನು ಬಣ್ಣದ ಕೆಲಸ ನಡೆಯುವಲ್ಲಿ ನೆಲಕ್ಕೆ ಹಾಸಬಾರದು. ಪ್ರಾತ್ಯಕ್ಷಿಕೆ ಮಾಡುವವರ ಎರಡೂ ಕೈ ಕೆಲಸದಲ್ಲಿರುವುದರಿಂದ ಕಾಲರ್ ಮೈಕ್ ಬೇಕು. ಸ್ಪೀಕರು ಅವರ ಹಿಂದೆ ಇದ್ದರೆ ಕೂಗುತ್ತದೆ, ಯಾವಾಗಲೂ ಅವರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇಡಬೇಕು. ಏಪ್ರಿಲ್ ಒಣ ಬಿಸಿಲಿಗೆ ಜಲವರ್ಣ ಹಾಕುತ್ತಿದ್ದಂತೆ ಒಣಗಿ ಅಂಚು ಕಟ್ಟುತ್ತದೆ, ಪಕ್ಕದಲ್ಲಿ ನೀರಿನ ಸ್ಪ್ರೇ ಬಾಟಲಿ ಇರಲಿ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಅದೇ ಬಣ್ಣ ಅರ್ಧ ತಾಸಾದರೂ ಆರದು, ಆಗ ಕೂದಲು ಒಣಗಿಸುವ ಡ್ರೈಯರ್ ಬೇಕು.

ಕಲಾವಿದರ ಜೊತೆ ವಾರ ಮೊದಲು ಒಂದು ತಾಸು ಕೂರುವುದನ್ನು ತಪ್ಪಿಸಬಾರದು. ಅವರಿಗೆ ಹೇಳುವುದು ಇಷ್ಟೇ: 80 ಸ್ಲೈಡು ಬೇಡ, 12 ಸಾಕು, ಅದರಲ್ಲಿ ಒಂದು ಕಲಿಯುತ್ತಿದ್ದಾಗಿನದು, ಒಂದು ಕೆಟ್ಟುಹೋದದ್ದು ಇರಲೇಬೇಕು. ಕೆಟ್ಟ ಚಿತ್ರವನ್ನು ಮುಂದಿಟ್ಟು ಎಲ್ಲಿ ಕೆಟ್ಟಿತು ಎಂದು ಹೇಳಿದಾಗ ಜನರಿಗೆ ಚಿತ್ರ ಓದುವುದು ಬರುತ್ತದೆ. ಸಾಲು ಬಹುಮಾನಗಳ ಪಟ್ಟಿಯಿಂದ ಅದು ಆಗುವುದಿಲ್ಲ. ಮಾತು ನಡೆಸಿಕೊಡಲು ಭಾಷಣಕಾರರಿಗಿಂತ ನಿವೃತ್ತ ಡ್ರಾಯಿಂಗ್ ಮಾಸ್ತರರು ಮೇಲು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ತೆರೆದ ಕಲಾಶಾಲೆ, ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ, ಇಂಥ ಕಡೆ ಕಲಿತು ಹೈಸ್ಕೂಲುಗಳಿಗೆ ಹೋದವರು ನಮ್ಮ ಊರುಗಳಲ್ಲಿದ್ದಾರೆ. ಅವರಿಗೆ ಕೆಲಸದ ಒಳಗಿನ ಪ್ರಶ್ನೆ ಗೊತ್ತು.

ಪ್ರಶ್ನೆಯ ಹೊತ್ತಿಗೆ ಯಾರಾದರೂ "ಇದರ ಅರ್ಥ ಏನ್ರಿ ಸರ?" ಎಂದು ಕೇಳೇ ಕೇಳುತ್ತಾರೆ. ತಪ್ಪೇನಿಲ್ಲ, ಆದರೆ ಅಲ್ಲಿಂದ ಶುರುವಾದರೆ ಕಲಾವಿದರು ಪ್ರವಚನಕ್ಕೆ ಇಳಿಯುತ್ತಾರೆ. ಅದಕ್ಕೆ ಮೊದಲ ಪ್ರಶ್ನೆ ನಡೆಸಿಕೊಡುವವರದೇ, ಮತ್ತು ಅದು ಕೈಗೆ ಸಂಬಂಧಿಸಿದ್ದು: "ಅಕ್ಕಾರ, ಈ ನೀಲಿ ಮೊದಲ ಹಚ್ಚಿದ್ರೋ, ಮ್ಯಾಲಿಂದ ಹಚ್ಚಿದ್ರೋ?" ಉತ್ತರ ಕೊಡಲು ಅವರು ಚಿತ್ರದ ಹತ್ತಿರ ಹೋಗುತ್ತಾರೆ, ಜನರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಕಸೂತಿ ಹಾಕುವ ಹೆಣ್ಣುಮಕ್ಕಳನ್ನೂ ಕಲಾವಿದೆ ಎಂದೇ ಕರೆದು ಇದೇ ಮೇಜಿಗೆ ಕೂರಿಸುತ್ತೇವೆ, ಅದೇ ಗೌರವಧನ ಕೊಟ್ಟು. ತೊಂದರೆ ಏನೆಂದರೆ ಹೊಲಿಗೆ ಸಣ್ಣದು, ಎಳೆ ಎಣಿಸಿ ಹಾಕುವಂಥದ್ದು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಟಿವಿಯಲ್ಲೂ ಕಾಣುವುದಿಲ್ಲ. ಗೋಣಿತಟ್ಟನ್ನು ಚೌಕಟ್ಟಿಗೆ ಬಿಗಿದು, ದಪ್ಪ ಉಲ್ಲನ್ ಎಳೆ, ಗೋಣಿ ಹೊಲಿಯುವ ದಬ್ಬಣ ಕೊಟ್ಟರೆ ಅದೇ ಹೊಲಿಗೆ ಹತ್ತು ಪಟ್ಟು ದೊಡ್ಡದಾಗಿ ಕೊನೆಯ ಸಾಲಿಗೂ ಕಾಣುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿಯನ್ನೇ ಮೊದಲು ತೋರಿಸಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ಮರಳುವಾಗ ಬಿಟ್ಟದ್ದನ್ನು ತುಂಬುತ್ತ ಬರುವ ಹೊಲಿಗೆ ಅದು. ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಹೋಗುವ ದಾರಿ ತಪ್ಪಿದರೆ ಶುರು ಮಾಡಿದ ಜಾಗಕ್ಕೆ ಮರಳಲಾಗದು, ಬಿಚ್ಚಲೇಬೇಕು. ಪೆನ್ಸಿಲ್ ಮುಟ್ಟದೆ ಇಡೀ ಗೋಪುರದ ಚಿತ್ತಾರದ ದಾರಿಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದೆಂದರೆ ಏನು ಎನ್ನುವುದು ಆಗ ತಿಳಿಯುತ್ತದೆ.

ಇನ್ನು ಜನರ ಕೈಗೇ ಬಣ್ಣ ಕೊಡುವ ಸಂಜೆ. ಅದಕ್ಕೆ ಅಂಗಡಿಯ ಬಣ್ಣಕ್ಕಿಂತ ಊರಿನ ಮಣ್ಣು ನಮಗೆ ಇಷ್ಟ. ಧಾರವಾಡದ ಸುತ್ತ ಕೆಮ್ಮಣ್ಣು, ನವಲಗುಂದ-ಗದಗದ ಕಡೆ ಎರೆಮಣ್ಣು. ಎರಡು ಕಿಲೋ ಕೆಮ್ಮಣ್ಣನ್ನು ಪುಡಿ ಮಾಡಿ ಬಕೆಟ್ಟಿನಲ್ಲಿ ನೀರು ಹಾಕಿ ಕದಡಿ, ಅರವತ್ತು ಎಣಿಸಬೇಕು. ಅಷ್ಟರಲ್ಲಿ ಉಸುಕು, ಹರಳು ತಳ ಸೇರುತ್ತವೆ. ಮೇಲಿನ ಕೆಂಪು ನೀರನ್ನು ಮಲ್ ಬಟ್ಟೆಯಲ್ಲಿ ಸೋಸಿ ಇನ್ನೊಂದು ಬಕೆಟ್ಟಿಗೆ ಸುರಿದು ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ತಿಳಿನೀರು ಮೇಲೆ, ಬೆಣ್ಣೆಯಂಥ ರಾಡಿ ಕೆಳಗೆ. ಎಣಿಸುವ ತಾಳ್ಮೆ ಇಲ್ಲದೆ ಕೂಡಲೆ ಸುರಿದರೆ ಉಸುಕು ಉಳಿದು ಕುಂಚದ ಕೂದಲು ಸವೆಯುತ್ತದೆ, ಒಣಗಿದ ಮೇಲೆ ಬಣ್ಣ ಉದುರುತ್ತದೆ.

ಮೊಸರಿನಷ್ಟು ಗಟ್ಟಿಯಾದ ಈ ರಾಡಿಗೆ ನಾಲ್ಕು ಚಮಚಕ್ಕೆ ಒಂದು ಚಮಚ ಫೆವಿಕಾಲ್. ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ. ಹೆಚ್ಚಾದರೆ ಹೊಳಪು ಬಂದು ಮಣ್ಣಿನ ಮೈ ಹೋಗುತ್ತದೆ. ಫೆವಿಕಾಲ್ ಬೇಡ ಎನ್ನುವವರಿಗೆ ಹುಣಸೆ ಬೀಜದ ಅಂಟಿದೆ, ಕಿನ್ನಾಳದ ಗೊಂಬೆ ಮಾಡುವವರು ಬಳಸುವಂಥದ್ದು. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಹತ್ತರಷ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಅರ್ಧ ತಾಸು ಕುದಿಸಿ ಸೋಸಬೇಕು. ಎರಡು ದಿನಕ್ಕೆ ಹಳಸುತ್ತದೆ, ಆದ್ದರಿಂದ ಹಿಂದಿನ ದಿನವಷ್ಟೇ ಮಾಡಬೇಕು.

ಎರೆಮಣ್ಣು ಹಾಗೆ ಸುಲಭಕ್ಕೆ ಬಗ್ಗದು. ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿದೆ. ಹೊಲದಲ್ಲಿ ಬೇಸಿಗೆಗೆ ಬಿರುಕು ಬಿಡುವಂತೆ ಬಟ್ಟೆಯ ಮೇಲೂ ಬಿಡುತ್ತದೆ. ತೆಳ್ಳಗೆ ಎರಡು ಸಲ ಹಚ್ಚಬಹುದು, ದಪ್ಪಗೆ ಒಂದು ಸಲವೂ ಆಗದು. ಕಪ್ಪಿಗೆ ಕಾಡಿಗೆಯೇ ಬೇಕೆಂದರೆ ಅದು ನೀರಿನಲ್ಲಿ ಬೆರೆಯದೆ ತೇಲುತ್ತದೆ, ಒಂದು ಹನಿ ಸಾಬೂನು ನೀರು ಹಾಕಿದರೆ ಇಳಿಯುತ್ತದೆ. ಅರಿಶಿನವನ್ನು ನಾವು ಬಿಟ್ಟಿದ್ದೇವೆ, ಬಿಸಿಲಿಗೆ ಕೆಲವೇ ದಿನಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಬರೆಯಲು ಖಾದಿ ಬಟ್ಟೆ ಐದು ಮೀಟರ್; ಮೊದಲು ಒಗೆದು ಗಂಜಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಒಳಗಿಳಿಯದೆ ಮೇಲೇ ನಿಂತು ಸಿಪ್ಪೆ ಏಳುತ್ತದೆ. ಮೀಟರಿಗೆ ಮೂವರಂತೆ ಎರಡೂ ಬದಿಗೆ ಕೂರಿಸಿದರೆ 30 ಜನ.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತು, ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವ, ಇವು ಶಿಲ್ಪಿಗಳನ್ನು ಕರೆಯಲು ಸರಿಯಾದ ದಿನಗಳು. ಆಗ ಮನೆಮನೆಯಲ್ಲೂ ಕೈಗೆ ಮಣ್ಣು ಹತ್ತಿರುತ್ತದೆ. ಎತ್ತಿನ ಕಾಲು ಮುರಿಯುವುದು ಬೇರೆ ಮಾಡಿ ಅಂಟಿಸಿದ್ದರಿಂದ. ಒಂದೇ ಮುದ್ದೆಯಿಂದ ಕಾಲುಗಳನ್ನು ಎಳೆದು ತೆಗೆದರೆ ನಿಲ್ಲುತ್ತದೆ. ಮಣ್ಣಿಗೆ ಸ್ವಲ್ಪ ಹತ್ತಿ ಕಿತ್ತು ಕಲಸಿ, ನೆರಳಲ್ಲಿ ಹಸಿಬಟ್ಟೆ ಮುಚ್ಚಿ ನಿಧಾನ ಒಣಗಿಸಬೇಕು. ಗುಳ್ಳವ್ವನಿಗೆ ಗುಲಗಂಜಿ ಅಂಟಿಸುವಲ್ಲಿ ಸಣ್ಣ ಮಕ್ಕಳ ಮೇಲೆ ಕಣ್ಣಿರಲಿ, ಅಗಿದರೆ ವಿಷ. ದೊಡ್ಡ ಶಿಲ್ಪದ ಮಾತಿಗೆ ಮೇಜು ಸಾಲದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಜನರನ್ನೇ ಕರೆದೊಯ್ಯುವುದು ಲೇಸು. ಆಳೆತ್ತರದ ಸಿಮೆಂಟ್ ಹಳ್ಳಿಗರ ಪಕ್ಕ ನಿಂತು ಕೇಳಿದಾಗ ಒಳಗಿನ ಕಬ್ಬಿಣದ ಮಾತು ಅರ್ಥವಾಗುತ್ತದೆ.

ಖರ್ಚಿನಲ್ಲಿ ಕಡಿತ ಮಾಡಬಾರದ್ದು ಗೌರವಧನ, ಸಾಮಗ್ರಿ, ಹೋಗಿಬರುವ ಗಾಡಿ. ಗಿರ್ಮಿಟ್, ಮಿರ್ಚಿ ಬೇಕೇ ಬೇಕು, ಆದರೆ ಎಲ್ಲ ಮುಗಿದ ಮೇಲೆ, ಹೊರಗೆ. ಎಣ್ಣೆ ಹತ್ತಿದ ಒಂದು ಬೆರಳು ಕಾಗದಕ್ಕೆ ತಾಗಿದರೆ ಆ ಕಲೆ ಮತ್ತೆ ಹೋಗದು.

ಚಿತ್ರ ತರುವಾಗ ಎರಡು ಪ್ರತಿ ಪಟ್ಟಿ ಮಾಡುತ್ತೇವೆ: ಹೆಸರು, ಅಳತೆ, ಮಾಧ್ಯಮ, ಈಗಾಗಲೇ ಇರುವ ಗೀರು-ಕಲೆ. ಪ್ರತಿ ಚಿತ್ರದ ಮುಂದೆ, ಹಿಂದೆ ಒಂದೊಂದು ಫೋಟೋ. ತೈಲವರ್ಣಕ್ಕೆ ಗುಳ್ಳೆ ಪ್ಲಾಸ್ಟಿಕ್ ನೇರ ಸುತ್ತಬಾರದು, ಪೂರಾ ಒಣಗದ ಬಣ್ಣದ ಮೇಲೆ ಗುಳ್ಳೆಯ ಅಚ್ಚು ಮೂಡುತ್ತದೆ. ಮೊದಲು ಬಟರ್ ಪೇಪರ್, ಅದರ ಮೇಲೆ ಹಳೆಯ ಸೀರೆ, ಕೊನೆಗೆ ಪ್ಲಾಸ್ಟಿಕ್. ಗಾಡಿಯಲ್ಲಿ ಮಲಗಿಸದೆ ನಿಲ್ಲಿಸಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು. ಅದೇ ರಾತ್ರಿ ಮರಳಿಸಿ, ಪಟ್ಟಿ ಹಿಡಿದು ಒಂದೊಂದಾಗಿ ದೀಪದ ಬೆಳಕಿನಲ್ಲಿ ಕಲಾವಿದರ ಜೊತೆ ನೋಡಿ, ಎರಡೂ ಪ್ರತಿಗೆ ಸಹಿ ಹಾಕಿಸಿಕೊಳ್ಳಬೇಕು.