ಮಿಸ್ತೆಕಾ ಗುಡ್ಡಗಳ ಊರಲ್ಲಿ ನನ್ನದೊಂದು ವಾರ

ಮೆಕ್ಸಿಕೊದ ಹಳ್ಳಿಯಲ್ಲಿ ಸ್ವಯಂಸೇವಕಿಯಾಗಿ ಇದ್ದು ಬಂದೆ ಅಂದರೆ ಸಾಕು, "ಅವರಿಗೆ ಏನು ಕಲಿಸಿದೆ?" ಅಂತ ಕೇಳುತ್ತಾರೆ. ಚಿತ್ರದುರ್ಗದ ಕಡೆ ಕೆಲವು ವರ್ಷ ಜಲಾನಯನ ಕೆಲಸ ಮಾಡಿದವಳು ನಾನು. ಬದು, ಕಂದಕ, ಇಂಗುಗುಂಡಿ ಎಲ್ಲ ಗೊತ್ತು. ಆದರೆ ಆ ಊರಿನವರಿಗೆ ಮಣ್ಣು ಉಳಿಸುವುದನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಅವರಿಗೆ ಬೇಕಾಗಿದ್ದದ್ದು ದುಡಿಯುವ ಕೈಗಳು. ಹಾಗಾಗಿ ಅಲ್ಲಿನ ದಿನಚರಿ ಹೇಗಿತ್ತು ಅನ್ನುವುದನ್ನು ಜುಲೈ ತಿಂಗಳ ಒಂದು ವಾರ ಹಿಡಿದು ಹೇಳುತ್ತೇನೆ.

ಊರು ಇರುವುದು ದಕ್ಷಿಣ ಮೆಕ್ಸಿಕೊದ ವಹಾಕಾ ರಾಜ್ಯದಲ್ಲಿ, ಮಿಸ್ತೆಕಾ ಆಲ್ತಾ ಎಂಬ ಬೆಟ್ಟಸೀಮೆಯಲ್ಲಿ. ವಹಾಕಾ ನಗರದಿಂದ ಸುಮಾರು 80 ಕಿ.ಮೀ. ಹೋದರೆ ನೊಚಿಸ್ತ್‌ಲಾನ್ ಪೇಟೆ. ಅಲ್ಲಿಂದ ಜನ ತುಂಬಿದ ಮೇಲೆ ಹೊರಡುವ ಶೇರ್ ಟ್ಯಾಕ್ಸಿ. 2000 ಮೀಟರ್‌ಗಿಂತ ಎತ್ತರದ ಜಾಗ, ಜುಲೈನಲ್ಲೂ ಬೆಳಗಿನ ಹೊತ್ತು ಸ್ವೆಟರ್ ಬೇಕು. ದಾರಿಯುದ್ದಕ್ಕೂ ಬೋಳು ಗುಡ್ಡಗಳು, ಕೆಲವು ಕಡುಕೆಂಪು, ಕೆಲವು ಸುಣ್ಣದ ಹಾಗೆ ಬಿಳಿ. ಮೇಲ್ಮಣ್ಣು ಕೊಚ್ಚಿಹೋಗಿ ಒಳಗಿನ ಗಟ್ಟಿ ಪದರ ಹೊರಗೆ ಬಂದಿದೆ. 16ನೇ ಶತಮಾನದಲ್ಲಿ ಸ್ಪೇನಿನವರು ಬಂದರು. ಅವರ ಜೊತೆ ಬಂದ ರೋಗಗಳಿಗೆ ಊರಿಗೆ ಊರೇ ಖಾಲಿಯಾದವು. ಮೆಟ್ಟಿಲು ಹೊಲಗಳನ್ನು ನೋಡಿಕೊಳ್ಳಲು ಜನ ಉಳಿಯಲಿಲ್ಲ. ಮೇಲೆ ಕುರಿ, ಮೇಕೆಗಳ ಮಂದೆಗಳು ಬಂದವು. ಸೌದೆಗೆ, ಸುಣ್ಣದ ಗೂಡಿಗೆ ಕಾಡು ಹೋಯಿತು. ಆ ಗುಡ್ಡಗಳನ್ನು ಮೊದಲ ಸಲ ನೋಡಿದಾಗ ಹೊಟ್ಟೆ ಉರಿಯಿತು.

ನಾನಿದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಮಣ್ಣಿನ ಇಟ್ಟಿಗೆಯ ಎರಡು ಕೋಣೆ, ಅಡುಗೆಮನೆ ಬೇರೆ, ಹಿಂದೆ ಕೋಳಿಗಳು, ಒಂದು ಒಣ ಪಾಯಿಖಾನೆ. ನಾನು ಅವರನ್ನು ಗೌರವದಿಂದ "ದೋನ್ಯಾ" ಅನ್ನುತ್ತಿದ್ದೆ. ಅವರು ನನ್ನನ್ನು "ಮಿಹಾ" ಅನ್ನುತ್ತಿದ್ದರು, "ಮಗಳೇ" ಅಂತ. ಇಬ್ಬರು ಗಂಡುಮಕ್ಕಳೂ ಕ್ಯಾಲಿಫೋರ್ನಿಯಾದಲ್ಲಿ ತೋಟದ ಕೆಲಸಕ್ಕೆ ಹೋಗಿ ಎಷ್ಟೋ ವರ್ಷವಾಗಿದೆ. ಆ ಕಡೆಯ ಬೇಕಾದಷ್ಟು ಮನೆಗಳ ಕಥೆ ಇದೇ.

ಸೋಮವಾರದ ಬೆಳಗು ಗಿರಣಿಯಿಂದ ಶುರು. ಹಿಂದಿನ ರಾತ್ರಿಯೇ ಅಜ್ಜಿ ಮುಸುಕಿನ ಜೋಳವನ್ನು ಸುಣ್ಣ ಕಲಸಿದ ನೀರಿನಲ್ಲಿ ಕುದಿಸಿ ಹಾಗೇ ಬಿಟ್ಟಿರುತ್ತಾರೆ. ಬೆಳಿಗ್ಗೆ ಹೊತ್ತಿಗೆ ಕಾಳು ಹಳದಿಗೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರುತ್ತದೆ. ಇದು ನಿಷ್ತಮಾಲ್. ಸುಣ್ಣ ಸುಮ್ನೆ ಹಾಕುವುದಲ್ಲ. ಜೋಳದಲ್ಲಿರುವ ಬಿ3 ಜೀವಸತ್ವ ಮೈಗೆ ಹತ್ತುವುದು ಈ ಸುಣ್ಣದಿಂದಲೇ. ಯೂರೋಪಿನವರು ಇಲ್ಲಿಂದ ಜೋಳ ಒಯ್ದರು, ಈ ವಿಧಾನ ಒಯ್ಯಲಿಲ್ಲ. ಅಲ್ಲಿ ಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಿಗೆ ಈ ಜೀವಸತ್ವದ ಕೊರತೆಯಿಂದ ಪೆಲಾಗ್ರಾ ರೋಗ ಬಂತು. ಸಾವಿರಾರು ವರ್ಷಗಳ ಹಿಂದೆ ಇದನ್ನು ಕಂಡುಕೊಂಡ ಅಡುಗೆಮನೆಗಳ ಮೇಲೆ ನನಗೆ ತುಂಬ ಗೌರವ.

ತೊಳೆದ ಕಾಳನ್ನು ಬಕೆಟ್‌ನಲ್ಲಿ ಹೊತ್ತು ಗಿರಣಿಗೆ ಹೋಗುವುದು ನನ್ನ ಕೆಲಸ. ಸಾಲಲ್ಲಿ ನಿಂತ ಹೆಂಗಸರಿಂದ ಊರಿನ ಸುದ್ದಿಯೆಲ್ಲ ಗೊತ್ತಾಗುತ್ತದೆ. ಯಾರ ಹಸು ಕರು ಹಾಕಿತು, ಯಾರ ಮಗ ಫೋನ್ ಮಾಡಿಲ್ಲ, ನೀರಿನ ಪೈಪ್ ಎಲ್ಲಿ ಒಡೆದಿದೆ. ನನ್ನ ಸ್ಪ್ಯಾನಿಷ್ ಕುದುರಿದ್ದು ಕ್ಲಾಸಿನಲ್ಲಲ್ಲ, ಈ ಸಾಲಿನಲ್ಲಿ. ಒಂದು ವಿಷಯ ಬೇಗ ತಿಳಿಯಿತು: ದಾರಿಯಲ್ಲಿ ಯಾರೇ ಎದುರಾದರೂ "ಬ್ವೇನೋಸ್ ದಿಯಾಸ್" ಅನ್ನಲೇಬೇಕು. ಗುರುತಿರಲಿ, ಇಲ್ಲದಿರಲಿ. ಮಾತಾಡಿಸದೆ ಹೋದರೆ ಅದು ಮನೆ ತನಕ ಸುದ್ದಿಯಾಗುತ್ತದೆ.

ಮನೆಗೆ ಬಂದರೆ ಒಲೆಯ ಮೇಲೆ ಕೋಮಾಲ್ ಕಾಯುತ್ತಿರುತ್ತದೆ. ಅದು ಅಗಲವಾದ ಮಣ್ಣಿನ ಕಾವಲಿ. ಹಿಟ್ಟು ಅಂಟಬಾರದು ಅಂತ ಅದಕ್ಕೆ ಎಣ್ಣೆ ಹಚ್ಚುವುದಿಲ್ಲ, ಸುಣ್ಣದ ನೀರು ಬಳಿಯುತ್ತಾರೆ. ಅಜ್ಜಿ ಬಟ್ಟೆಯ ತುಂಡನ್ನು ಅದ್ದಿ ಒಂದೇ ಸುತ್ತಿನಲ್ಲಿ ಕಾವಲಿ ಪೂರ್ತಿ ಬೆಳ್ಳಗೆ ಮಾಡುತ್ತಿದ್ದರು. ಆಮೇಲೆ ಟೊರ್ಟಿಯಾ, ಅಂದರೆ ಈ ಜೋಳದ ತೆಳು ರೊಟ್ಟಿ. ಒಂದು ಮಗ್ಗುಲು ಸ್ವಲ್ಪ, ಇನ್ನೊಂದು ಮಗ್ಗುಲು ಜಾಸ್ತಿ, ಮತ್ತೆ ತಿರುಗಿಸಿದರೆ ಉಬ್ಬುತ್ತದೆ. ಬೆಂದದ್ದನ್ನು ತೆನಾತೆಗೆ ಹಾಕಿ ಬಟ್ಟೆ ಮುಚ್ಚುತ್ತಾರೆ. ತೆನಾತೆ ಎಂದರೆ ಗರಿಯಲ್ಲಿ ಹೆಣೆದ ಪುಟ್ಟ ಬುಟ್ಟಿ. ಮಧ್ಯಾಹ್ನದವರೆಗೂ ಅದರಲ್ಲಿ ಟೊರ್ಟಿಯಾ ಮೆತ್ತಗಿರುತ್ತದೆ.

ನಾನು ಸಸ್ಯಾಹಾರಿ. ಕಷ್ಟ ಆಗಲಿಲ್ಲವಾ ಅಂತ ಕೇಳುತ್ತಾರೆ. ದಿನಾ ಇದ್ದದ್ದು ಕಪ್ಪು ಬೀನ್ಸ್ ಕಾಳು, ಅದಕ್ಕೆ ಬೆಣ್ಣೆಹಣ್ಣಿನ ಮರದ ಎಲೆ ಹಾಕಿ ಬೇಯಿಸಿದರೆ ಘಮ್ ಅನ್ನುತ್ತದೆ. ಜೊತೆಗೆ ಮುಳ್ಳು ಹೆರೆದು ಬೇಯಿಸಿದ ಪಾಪಾಸುಕಳ್ಳಿ, ಕುಂಬಳದ ಹೂವು, ಸೀಮೆಬದನೆ, ಕಲ್ಲಿನಲ್ಲಿ ಅರೆದ ಮೆಣಸಿನಕಾಯಿ ಚಟ್ನಿ. ಮೆಣಸಿನಕಾಯಿಯ ತವರೇ ಅದು, ಖಾರಕ್ಕೇನು ಕಡಿಮೆ? ಒಂದೇ ಎಚ್ಚರಿಕೆ: ಕಾಳಿಗೆ ಹಂದಿ ಕೊಬ್ಬು ಹಾಕಿ ಬಾಡಿಸುವ ರೂಢಿ ಇದೆ. ಉಳಿದುಕೊಳ್ಳುವ ಮನೆಯಲ್ಲಿ ಮೊದಲ ದಿನವೇ "ಸಿನ್ ಮಾಂತೆಕಾ", ಅಂದರೆ ಕೊಬ್ಬು ಬೇಡ ಎಂದು ಹೇಳಿಬಿಡಬೇಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಗಳವಾರ, ಬುಧವಾರ ಅಜ್ಜಿಯ ಹೊಲದಲ್ಲಿ ಕಳೆ ತೆಗೆದೆವು. ಹೊಲ ಅಂದರೆ ಮಿಲ್ಪಾ. ಜೋಳ, ಅದಕ್ಕೆ ಹಬ್ಬುವ ಬೀನ್ಸ್, ನೆಲದಲ್ಲಿ ಹರಡುವ ಕುಂಬಳ ಎಲ್ಲ ಒಟ್ಟಿಗೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೋಡಿದವರಿಗೆ ಇದರ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನನ್ನು ನಿಲ್ಲಿಸಿದ್ದು ಅವರ ಕಹೇತೆ ಜೋಳ. ಇದನ್ನು ಬಿತ್ತುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮಳೆಗೆ ಇನ್ನೂ ತಿಂಗಳುಗಳಿರುತ್ತವೆ. ಕೋಆ ಎಂಬ ಉದ್ದ ಹಿಡಿಯ ಸಲಕರಣೆಯಲ್ಲಿ ಹಸಿ ಮಣ್ಣು ಸಿಗುವ ತನಕ ಗುಂಡಿ ತೋಡಿ, ತಳದಲ್ಲಿ ಕಾಳು ಹಾಕುತ್ತಾರೆ. ಹಿಂದಿನ ವರ್ಷದ ತೇವದಲ್ಲೇ ಮೊಳೆತು, ಮಳೆ ಬರುವವರೆಗೆ ಪೈರು ಜೀವ ಹಿಡಿದುಕೊಂಡಿರುತ್ತದೆ. ಹೊಲದಲ್ಲಿ ತೇವ ಉಳಿಸುವಂಥ ಮಣ್ಣಿದ್ದರೆ ಮಾತ್ರ ಇದು ಸಾಧ್ಯ. ಮೇಲ್ಮಣ್ಣು ಹೋದ ಹೊಲದಲ್ಲಿ ಈ ಬಿತ್ತನೆಯೂ ಹೋಗುತ್ತದೆ, ಬೀಜವೂ ಹೋಗುತ್ತದೆ. ಆ ಊರಿನವರು ಮಣ್ಣಿಗೆ ಅಷ್ಟು ಬಡಿದಾಡುವುದು ಯಾಕೆ ಅಂತ ನನಗೆ ಅರ್ಥವಾದದ್ದು ಆ ಹೊಲದಲ್ಲಿ.

ಕಳೆ ಅಂತ ಎಲ್ಲವನ್ನೂ ಕಿತ್ತು ಎಸೆಯುವ ಹಾಗಿಲ್ಲ. ಅರ್ಧಕ್ಕರ್ಧ ಸೊಪ್ಪು, ಸಂಜೆ ಸಾರಿಗೆ ಬೇಕು. ಅಜ್ಜಿ ಪ್ರತಿ ಗಿಡವನ್ನೂ ಮೂಸಿ ನೋಡಿ, "ಇದು ಇರಲಿ, ಇದು ಬೇಡ" ಎಂದು ಹೇಳಿಕೊಡುತ್ತಿದ್ದರು.

ಗುರುವಾರ ಗುಡ್ಡದ ಮೇಲೆ ಕಂದಕದ ಕೆಲಸ. ಇದು ನನಗೆ ಗೊತ್ತಿದ್ದ ಕೆಲಸ, ಸಂತೋಷದಿಂದ ಹೋದೆ. ಸಮಪಾತಳಿ, ಅಂದರೆ ಗುಡ್ಡದ ಮೈಮೇಲೆ ಒಂದೇ ಎತ್ತರದಲ್ಲಿ ಸಾಗುವ ಗೆರೆ, ಗುರುತಿಸಲು ಅವರು ಬಳಸುವುದೂ ಎ ಆಕಾರದ ಚೌಕಟ್ಟನ್ನೇ. ಎರಡು ಕೋಲು ತುದಿಯಲ್ಲಿ ಕೂಡಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡುತ್ತಾರೆ. ಕಾಲುಗಳು ನಿಂತ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಎಲ್ಲಿ ದಾಟುತ್ತದೋ ಅಲ್ಲಿ ಗೆರೆ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಬಳಿ ನಿಲ್ಲಿಸಿ ಇನ್ನೊಂದು ಗೆರೆ. ಎರಡು ಗೆರೆಗಳ ನಡುಮಧ್ಯವೇ ಮಟ್ಟ. ಆಮೇಲೆ ದಾರ ಆ ಗುರುತಿಗೆ ಬರುವ ಹಾಗೆ ಗುಡ್ಡಕ್ಕೆ ಅಡ್ಡಲಾಗಿ ಹೆಜ್ಜೆ ಹೆಜ್ಜೆ ಹೋಗುವುದು. ಗಾಳಿ ಜೋರಾದರೆ ಕಲ್ಲು ನಿಲ್ಲುವುದಿಲ್ಲ, ಆದ್ದರಿಂದ ಬೆಳಿಗ್ಗೆ ಬೇಗ ಮಾಡುತ್ತಾರೆ. ಬ್ಯಾಟರಿ ಬೇಡ, ರಿಪೇರಿ ಬೇಡ, ಶಾಲೆಗೆ ಹೋಗುವ ಹುಡುಗನೂ ಹಿಡಿಯಬಲ್ಲ. ದುಬಾರಿ ಉಪಕರಣಗಳನ್ನು ಊರೂರಿಗೆ ಹಂಚುವ ಯೋಜನೆಗಳಿಗಿಂತ ಇದು ಸಾವಿರ ಪಾಲು ಮೇಲು ಅಂತ ನನ್ನ ಅನಿಸಿಕೆ.

ಅಗೆದ ಮಣ್ಣನ್ನು ಕೆಳಬದಿಗೆ ಏರಿ ಹಾಕಿ, ಅದರ ಮೇಲೆ ಕತ್ತಾಳೆ ನೆಟ್ಟೆವು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿರುವ ಕತ್ತಾಳೆ ಮೂಲತಃ ಅಲ್ಲಿಯದೇ. ಅಲ್ಲಿ ಅದರಿಂದ ಪುಲ್ಕೆ ಎಂಬ ಹುಳಿ ಪಾನೀಯವನ್ನೂ ಇಳಿಸುತ್ತಾರೆ. ಈ ಕಂದಕದ ವಿದ್ಯೆಯನ್ನು ಇಲ್ಲಿ ಮತ್ತೆ ಹಬ್ಬಿಸಿದವರು ರೈತರೇ. 1980ರ ದಶಕದಲ್ಲಿ ಗ್ವಾಟೆಮಾಲಾದಿಂದ ಬಂದ ರೈತರು ತೋರಿಸಿಕೊಟ್ಟರು, ಮಿಸ್ತೆಕಾದವರು ಕಲಿತು ಸೆದಿಕಾಮ್ ಎಂಬ ಸಂಘಟನೆ ಕಟ್ಟಿಕೊಂಡರು. ಅದರ ಹೆಸೂಸ್ ಲಿಯೋನ್ ಸಾಂತೋಸ್ ಅವರಿಗೆ 2008ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಇದಕ್ಕೂ ಬಹಳ ಹಿಂದಿನದು ಲಾಮಾ-ಬೋರ್ದೊ. ಕೊರಕಲಿಗೆ ಅಡ್ಡ ಕಲ್ಲುಗೋಡೆ ಕಟ್ಟಿ, ಮಳೆನೀರು ತರುವ ಮಣ್ಣನ್ನು ಹಿಡಿದು ಹೊಲ ಮಾಡಿಕೊಳ್ಳುವ ಪದ್ಧತಿ ಅದು. ಆ ಸೀಮೆಯಲ್ಲಿ 3000 ವರ್ಷಕ್ಕೂ ಹಳೆಯ ಲಾಮಾ-ಬೋರ್ದೊಗಳಿವೆ. ಇಂಥವರಿಗೆ ನಾನು ಕಲಿಸುವುದಾ?

ಶುಕ್ರವಾರ ಮಧ್ಯಾಹ್ನ ಮಳೆ ಹಿಡಿಯಿತು. ಅಂಗಿ ಒಗೆದು ಒಣಗಿಸಲಾಗಲಿಲ್ಲ ಅನ್ನುವುದು ಬಿಟ್ಟರೆ ಹೇಳುವಂಥದ್ದೇನಿಲ್ಲ. ಸಂಜೆ ಊರಿನ ಮೈಕ್ ಕೂಗಿತು. ಆ ಮೈಕಿನಲ್ಲೇ ತಮಾಲೆ ಎಂಬ ಜೋಳದ ಕಡುಬಿನ ಮಾರಾಟ, ಗ್ಯಾಸ್ ಸಿಲಿಂಡರ್ ಬಂದ ಸುದ್ದಿ ಎಲ್ಲ ಬರುತ್ತದೆ. ಅವತ್ತು ಬಂದದ್ದು ಮರುದಿನ ತೆಕಿಯೊ, ಅದಕ್ಕೂ ಮೊದಲು ರಾತ್ರಿ ಸಭೆ ಎಂದು.

ತೆಕಿಯೊ ಎಂದರೆ ಊರಿನ ಕೆಲಸಕ್ಕೆ ಮನೆಗೊಬ್ಬರು ಕೂಲಿಯಿಲ್ಲದೆ ದುಡಿಯುವುದು. ರಸ್ತೆ, ಶಾಲೆ, ನೀರಿನ ಪೈಪ್, ಕಾಡು, ಯಾವುದಾದರೂ ಸರಿ. ವಹಾಕಾದಲ್ಲಿ 570 ಮುನಿಸಿಪಾಲಿಟಿಗಳಿವೆ. ಅವುಗಳಲ್ಲಿ 400ಕ್ಕೂ ಹೆಚ್ಚು ಕಡೆ ಅಧಿಕಾರಿಗಳನ್ನು ಪಕ್ಷಗಳ ಚುನಾವಣೆಯಲ್ಲಿ ಅಲ್ಲ, ಊರಿನ ಪದ್ಧತಿಯಂತೆ ಆರಿಸುತ್ತಾರೆ. ಸಭೆಯಲ್ಲಿ ಗಂಡಸರು, ಹೆಂಗಸರು ಬೆಂಚಿನ ಮೇಲೆ ಕೂತು ಗಂಟೆಗಟ್ಟಲೆ ಮಾತಾಡಿದರು. ಅಷ್ಟು ಹೊತ್ತೂ ಎಷ್ಟೋ ಜನರ ಬೆರಳುಗಳು ತಾಳೆಗರಿ ಹೆಣೆಯುತ್ತಿದ್ದವು. ಆ ಕಡೆ ನಡೆಯುವಾಗ, ಮೇಕೆ ಮೇಯಿಸುವಾಗ, ಜಗಳ ಮಾಡುವಾಗಲೂ ಟೋಪಿ ಹೆಣೆಯುತ್ತಿರುತ್ತಾರೆ. ಮಾತು ಬಂದದ್ದು ಅಜ್ಜಿಯ ಮನೆಯ ಪಾಳಿಯ ಬಗ್ಗೆ. ಅಮೆರಿಕದಲ್ಲಿರುವವರು ತಮ್ಮ ಬದಲು ಆಳನ್ನು ಕಳಿಸಿ ದುಡ್ಡು ಕೊಡುತ್ತಾರೆ. ವಯಸ್ಸಾದವರಿಗೆ ವಿನಾಯಿತಿಯೂ ಇದೆ. ಆದರೆ ಅಜ್ಜಿಗೆ ವಿನಾಯಿತಿ ಬೇಡ, "ನನ್ನ ಮನೆಯಿಂದಲೂ ಒಬ್ಬರು ಇರಬೇಕು" ಎಂದರು. ನಾನು ಹೋಗಬಹುದಾ ಎಂದು ಕೇಳಿದೆ. ಹೊರಗಿನವಳು ಒಂದು ಮನೆಯ ಪರವಾಗಿ ನಿಲ್ಲಬಹುದೇ ಎಂದು ಅವರು ಚರ್ಚೆ ಮಾಡಿ, ಆಮೇಲೆ ಕೈ ಎತ್ತಿ ಒಪ್ಪಿಗೆ ಕೊಟ್ಟರು.

ಶನಿವಾರ ಬೆಳಕು ಹರಿಯುವಷ್ಟರಲ್ಲಿ ಎಲ್ಲರೂ ಊರಿನ ಸಾಮೂಹಿಕ ಗುಡ್ಡದ ಮೇಲಿದ್ದೆವು. ಕಾರ್ಯದರ್ಶಿ ಪುಸ್ತಕ ಹಿಡಿದು ಹೆಸರು ಕೂಗಿದರು. ಅಜ್ಜಿಯ ಹೆಸರು ಬಂದಾಗ ನಾನು "ಪ್ರೆಸೆಂತೆ" ಎಂದೆ, ಅವರು ಗುರುತು ಹಾಕಿದರು. ಊರಿನ ನರ್ಸರಿಯಿಂದ ಬಂದ ಪೈನ್ ಸಸಿಗಳನ್ನು ಕಂದಕದ ಪಕ್ಕ ನೆಡುವ ಕೆಲಸ. ಗಟ್ಟಿ ನೆಲಕ್ಕೆ ಸಲಾಕೆ ಹೊಡೆದರೆ ಟಣ್ ಎನ್ನುತ್ತಿತ್ತು. ಗಂಡಸರು ಗುಂಡಿ ತೋಡಿದರು, ಹೆಂಗಸರು ನೆಟ್ಟರು, ಮಕ್ಕಳು ಸಸಿ ಹೊತ್ತರು. ಮಧ್ಯಾಹ್ನ ಎಲ್ಲರಿಗೂ ಒಂದೇ ಹಂಡೆಯ ಬೀನ್ಸ್ ಕಾಳು, ಟೊರ್ಟಿಯಾ. ಇನ್ನು ಕೆಲವೇ ದಿನಕ್ಕೆ ಕನಿಕುಲಾ, ಅಂದರೆ ಮಳೆಗಾಲದ ನಡುವೆ ಕೆಲವು ವಾರ ಮಳೆ ಕೈಕೊಡುವ ಕಾಲ. ಅಷ್ಟರೊಳಗೆ ಬೇರು ಹಿಡಿಯಬೇಕು ಎಂದು ಎಲ್ಲರಿಗೂ ಅವಸರ.

ಭಾನುವಾರ ನೊಚಿಸ್ತ್‌ಲಾನ್ ಸಂತೆ. ಅಜ್ಜಿ ಹೆಣೆದ ಟೋಪಿಗಳನ್ನು ಮಾರಿ ಸುಣ್ಣ, ಉಪ್ಪು, ಒಣಮೆಣಸಿನಕಾಯಿ ತಂದೆವು. ರಾತ್ರಿ 8ಕ್ಕೆ ಮನೆಗೆ ಫೋನ್ ಮಾಡಿದೆ, ಇಲ್ಲಿ ಆಗ ಮರುದಿನ ಬೆಳಿಗ್ಗೆ 7:30.

ಹೋಗಬೇಕು ಅನ್ನುವವರಿಗೆ ಎರಡು ಮಾತು. ಸಂಬಳವಿಲ್ಲದ ಕೆಲಸಕ್ಕೆ ಮೆಕ್ಸಿಕೊ ಕೊಡುವ ಸಂದರ್ಶಕ ಅನುಮತಿ ಹೆಚ್ಚೆಂದರೆ 180 ದಿನದ್ದು. ಅದರಲ್ಲಿ ಮಳೆಗಾಲ ಬರುವ ಹಾಗೆ, ಜೂನ್‌ಗೆ ಮೊದಲೇ ತಲುಪಿ. ಒಂದೆರಡು ವಾರಕ್ಕೆ ಹೋಗುವುದಾದರೆ ಹೋಗಬೇಡಿ. ಅಷ್ಟರಲ್ಲಿ ಊರಿನವರಿಗೆ ನಿಮ್ಮನ್ನು ನೋಡಿಕೊಳ್ಳುವ ಕೆಲಸವೇ ಜಾಸ್ತಿಯಾಗುತ್ತದೆ. ಉಳಿಯುವ ಮನೆಗೆ ಊಟದ ಖರ್ಚನ್ನು ತಪ್ಪದೆ ಕೊಡಿ. ಮತ್ತೆ, ಗಟ್ಟಿ ಬೂಟು ಇಲ್ಲಿಂದಲೇ ಹಾಕಿ ಪಳಗಿಸಿಕೊಂಡು ಹೋಗಿ, ಆ ಬಿಳಿ ನೆಲದಲ್ಲಿ ಹೊಸ ಬೂಟು ಕಾಲು ಕಿತ್ತುಬಿಡುತ್ತದೆ.